ಉಸಿರಿನ ದಾರಿಯಿಂದ ಮನಸ್ಸಿನ ಕಡೆಗೆ

(ಕಲಬುರಗಿಯ ಸಮುದಾಯ ಭವನವೊಂದರಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸ ಇದು. ಓದುವವರ ಅನುಕೂಲಕ್ಕೆ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಭಾಗದ ಯಾವುದೇ ಸರ್ಕಾರಿ ದವಾಖಾನೆಗೆ ಹೋಗಿ, ಹೊರರೋಗಿಗಳ ಸಾಲಿನಲ್ಲಿ ಒಂದು ಮುಂಜಾನೆ ನಿಂತು ನೋಡಿ. ಕೆಲವು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. "ಎದಿ ಡವಡವ ಅಂತದ್ರಿ ಸಾಹೇಬ್ರ." "ತಲಿ ಭಾರ ಆಗ್ಯದ, ಕೈಕಾಲಾಗ ಜೋಮು ಹಿಡೀತದ." "ಊಟ ಸೇರವಲ್ದು, ನಿದ್ದಿ ಬರವಲ್ದು." ಇಸಿಜಿ ಆಗುತ್ತದೆ, ರಕ್ತ ಪರೀಕ್ಷೆ ಆಗುತ್ತದೆ, ಒಂದು ಸಲೈನ್ ಬಾಟಲಿಯೂ ಏರುತ್ತದೆ. ವರದಿಯಲ್ಲಿ ಎಲ್ಲ ಸರಿಯಾಗಿರುತ್ತದೆ. "ನಿಮಗ ಏನೂ ಆಗಿಲ್ಲ, ಮನಿಗೆ ಹೋಗ್ರಿ" ಎಂದು ಕಳಿಸುತ್ತಾರೆ. ಮನೆಗೆ ಬಂದ ಮೇಲೆ ಎದೆ ಮತ್ತೆ ಡವಡವ ಅನ್ನುತ್ತದೆ.

ಇಲ್ಲಿ ಯಾರೂ ವೈದ್ಯರ ಮುಂದೆ ಕುಳಿತು "ನನಗೆ ಖಿನ್ನತೆ ಆಗಿದೆ" ಎನ್ನುವುದಿಲ್ಲ. ಬ್ಯಾಂಕಿನ ನೋಟಿಸು, ಮಗಳ ಮದುವೆಯ ಚಿಂತೆ, ಮೂರನೇ ಸಲವೂ ಕೈತಪ್ಪಿದ ನೌಕರಿ, ಗಂಡನ ಕುಡಿತ ಎಲ್ಲವೂ ಎದೆ, ಹೊಟ್ಟೆ, ತಲೆಯ ನೋವಾಗಿಯೇ ದವಾಖಾನೆಗೆ ಬರುತ್ತವೆ. ಇದನ್ನು ಹಳ್ಳಿ ಜನರ ಅಜ್ಞಾನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರು ತಮ್ಮ ಮೈಯಲ್ಲಿ ಆಗುತ್ತಿರುವುದನ್ನು ಆಗುತ್ತಿರುವ ಹಾಗೆಯೇ ಹೇಳುತ್ತಿದ್ದಾರೆ.

ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ 31ನೆಯ ಸೂತ್ರವೊಂದಿದೆ. ಮನಸ್ಸು ಚದುರಿದಾಗ ಅದರ ಜೊತೆಗೇ ಬರುವ ನಾಲ್ಕನ್ನು ಅದು ಹೇಳುತ್ತದೆ: ದುಃಖ, ದೌರ್ಮನಸ್ಯ ಅಂದರೆ ಮನಸ್ಸು ಕುಗ್ಗುವುದು, ಅಂಗಾಂಗಗಳ ನಡುಕ, ಮತ್ತು ಉಸಿರಿನ ಏರುಪೇರು. ನಾಲ್ಕರಲ್ಲಿ ಎರಡು ಮನಸ್ಸಿಗೆ ಸೇರಿದವು, ಎರಡು ಮೈಗೆ ಸೇರಿದವು. ದವಾಖಾನೆಯ ಸಾಲಿನಲ್ಲಿ ನಿಂತ ಅವ್ವ ಹೇಳುವುದೂ ಇದನ್ನೇ. ಮೂರು ಸೂತ್ರ ದಾಟಿದರೆ ಒಂದು ಉಪಾಯವೂ ಸಿಗುತ್ತದೆ. ಉಸಿರನ್ನು ಹೊರಗೆ ಬಿಡುವುದು, ಬಿಟ್ಟು ತುಸು ತಡೆಯುವುದು. ಇದರಿಂದಲೂ ಚಿತ್ತ ತಿಳಿಯಾಗುತ್ತದೆ ಎನ್ನುತ್ತಾನೆ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ: ಮನಸ್ಸು ಕಲಕಿದಾಗ ಮನಸ್ಸಿಗೇ ಬುದ್ಧಿ ಹೇಳಲು ಹೋದರೆ ಅದು ಕೇಳುವುದಿಲ್ಲ, ಉಸಿರಿನ ಕಡೆಯಿಂದ ಹೋದರೆ ಎಷ್ಟೋ ಸಲ ಕೇಳುತ್ತದೆ. ಆದರೆ ಕೇಳದ ಹೊತ್ತೂ ಇದೆ. ಆಗ ವೈದ್ಯರು ಬೇಕು. ಈ ಎರಡನ್ನೂ ಒಟ್ಟಿಗೆ ಹೇಳದೆ ಯೋಗದ ಬಗ್ಗೆ ಮಾತಾಡುವುದು ಸರಿಯಲ್ಲ ಎಂದು ನನಗೆ ಅನಿಸಿದೆ.

ಉಸಿರಿಗೇ ಯಾಕೆ ಇಷ್ಟು ಮಹತ್ವ? ಎದೆಬಡಿತ ನಮ್ಮ ಮಾತು ಕೇಳುವುದಿಲ್ಲ. ಹೊಟ್ಟೆಯಲ್ಲಿ ಅನ್ನ ಅರಗುವುದು, ಅಂಗೈ ಬೆವರುವುದು, ರಕ್ತದೊತ್ತಡ ಏರುವುದು ಯಾವುದೂ ಕೇಳುವುದಿಲ್ಲ. ಉಸಿರು ಮಾತ್ರ ಎರಡೂ ಕಡೆಗೆ ಸೇರಿದ್ದು. ನಾವು ಮಲಗಿದ್ದಾಗ ತನ್ನಷ್ಟಕ್ಕೆ ನಡೆಯುತ್ತದೆ, ಎಚ್ಚರಿದ್ದಾಗ ಬೇಕೆಂದರೆ ನಿಧಾನ ಮಾಡಬಹುದು, ಬೇಕೆಂದರೆ ಜೋರು ಮಾಡಬಹುದು. ನಮ್ಮ ಇಷ್ಟಕ್ಕೆ ಸಿಗದ ಒಳಗಿನ ಯಂತ್ರಕ್ಕೆ ಹೊರಗಿನಿಂದ ಸಿಗುವ ಹಿಡಿಕೆ ಇದೊಂದೇ ಎನ್ನಬಹುದು.

ನಮ್ಮೊಳಗಿನ ಸ್ವಾಯತ್ತ ನರವ್ಯೂಹದಲ್ಲಿ ಎರಡು ಭಾಗಗಳಿವೆ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಎಂದುಕೊಳ್ಳಿ. ಒಂದು ಅಪಾಯ ಬಂದಾಗ ಓಡುವುದಕ್ಕೆ, ಹೋರಾಡುವುದಕ್ಕೆ ಮೈಯನ್ನು ಸಜ್ಜು ಮಾಡುತ್ತದೆ. ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಸ್ನಾಯು ಬಿಗಿಯುತ್ತವೆ. ಇನ್ನೊಂದು ಅಪಾಯ ಕಳೆದ ಮೇಲೆ ಎಲ್ಲವನ್ನೂ ಇಳಿಸುತ್ತದೆ, ಊಟ ಅರಗಿಸುತ್ತದೆ, ನಿದ್ದೆಗೆ ಕರೆದೊಯ್ಯುತ್ತದೆ. ಎರಡೂ ಬೇಕು. ಹೊಲದಲ್ಲಿ ಹಾವು ಕಂಡರೆ ಮೊದಲನೆಯದು ನಿಮ್ಮ ಜೀವ ಉಳಿಸುತ್ತದೆ. ತೊಂದರೆ ಬರುವುದು ಯಾವಾಗ ಎಂದರೆ, ಹಾವೇ ಇಲ್ಲದಿದ್ದರೂ ಅದು ವರ್ಷಗಟ್ಟಲೆ ಎಳೆಯುತ್ತಲೇ ಇರುವಾಗ. ಸಾಲ ಎನ್ನುವುದು ಒಂದು ಸಲ ಬಂದು ಹೋಗುವ ಹಾವಲ್ಲವಲ್ಲ, ಅದು ಹಾಸಿಗೆಯಲ್ಲೂ ಜೊತೆಗಿರುತ್ತದೆ. ಮೈ ಹಗಲೂ ರಾತ್ರಿ ಓಡುವ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ನಿದ್ದೆ ಹೋಗುತ್ತದೆ, ನಿದ್ದೆ ಹೋದ ಮೇಲೆ ಸಿಟ್ಟು ಹತ್ತಿರ ಬರುತ್ತದೆ, ಸಿಟ್ಟಿನ ಮೇಲೆ ಮನೆಯ ಮಾತು ಕೆಡುತ್ತದೆ.

ಈಗ ಎಲ್ಲರೂ ಒಂದು ಕೆಲಸ ಮಾಡಿ. ಎಡಗೈ ಮಣಿಕಟ್ಟಿನ ಹೆಬ್ಬೆರಳ ಬದಿಗೆ ಬಲಗೈಯ ಎರಡು ಬೆರಳಿಟ್ಟು ನಾಡಿ ಹುಡುಕಿಕೊಳ್ಳಿ. ಸಿಕ್ಕಿತೆ? ಈಗ ಮೂಗಿನಿಂದ ನಿಧಾನವಾಗಿ ಉಸಿರು ಒಳಗೆ ಎಳೆದುಕೊಳ್ಳಿ. ಈಗ ಇನ್ನೂ ನಿಧಾನವಾಗಿ ಹೊರಗೆ ಬಿಡಿ. ಮುಂದಿನ ಸಾಲಿನ ಹುಡುಗರಿಗೆ ಚೆನ್ನಾಗಿ ಗೊತ್ತಾಗುತ್ತದೆ: ಉಸಿರು ಎಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ವಯಸ್ಸಾದವರಿಗೆ ಅಷ್ಟು ಸ್ಪಷ್ಟ ಇರುವುದಿಲ್ಲ, ಗಾಬರಿ ಬೇಡ. ಮಿದುಳಿನ ಬುಡದಿಂದ ಹೊರಟು ಕೊರಳಿನ ಮೂಲಕ ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಇಳಿಯುವ ಒಂದು ಉದ್ದನೆಯ ನರವಿದೆ, ಅದಕ್ಕೆ ವೇಗಸ್ ನರ ಎನ್ನುತ್ತಾರೆ. ಉಸಿರು ಬಿಡುವಾಗ ಅದು ಹೃದಯದ ಮೇಲೆ ಹಿಡಿತ ಬಿಗಿ ಮಾಡುತ್ತದೆ, ಬಡಿತ ಇಳಿಯುತ್ತದೆ. ಹೊರಬಿಡುವ ಉಸಿರನ್ನು ಉದ್ದ ಮಾಡಿದರೆ ಇಳಿಸುವ ಎತ್ತಿಗೆ ಹೆಚ್ಚು ಹೊತ್ತು ಕೊಟ್ಟ ಹಾಗೆ.

ನಾವು ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಆತಂಕದಲ್ಲಿ ಇದು ಇನ್ನೂ ಏರುತ್ತದೆ, ಮೇಲ್ಮೇಲೆ ಎದೆಯಲ್ಲೇ ಆಡುತ್ತದೆ. ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದಾಗ ಉಸಿರು, ಎದೆಬಡಿತ, ರಕ್ತದೊತ್ತಡ ಮೂರರ ಏರಿಳಿತವೂ ಒಂದೇ ಲಯಕ್ಕೆ ಬರುತ್ತವೆ ಎಂದು ಶರೀರಶಾಸ್ತ್ರದವರು ಅಳೆದು ತೋರಿಸಿದ್ದಾರೆ. ಲೆಕ್ಕ ಸುಲಭ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹತ್ತು ಸೆಕೆಂಡಿಗೆ ಒಂದು ಉಸಿರು. ಎಣಿಕೆ ಹಿಡಿಯಲು ಉಸಿರು ಕಟ್ಟುತ್ತದೆ ಎನ್ನುವವರು ಮೂರು ಮತ್ತು ನಾಲ್ಕರಿಂದ ಶುರು ಮಾಡಿ. ಬಲವಂತ ಮಾಡಿದ ಉಸಿರು ಓಡುವ ಎತ್ತಿಗೇ ಮತ್ತೆ ಬಾರುಕೋಲು ಕೊಟ್ಟಂತೆ ಆಗುತ್ತದೆ.

ಹಾಗಾದರೆ ಆಸನ ಯಾಕೆ ಎಂದು ಕೇಳಬಹುದು. ಸಂಕಟದಲ್ಲಿರುವ ಮೈ ತನಗೆ ಗೊತ್ತಿಲ್ಲದೆ ಮುದುಡಿಕೊಂಡಿರುತ್ತದೆ. ಭುಜ ಕಿವಿಯ ಹತ್ತಿರ ಏರಿರುತ್ತವೆ, ದವಡೆ ಬಿಗಿದಿರುತ್ತದೆ, ಹೊಟ್ಟೆ ಒಳಗೆ ಎಳೆದಿರುತ್ತದೆ. ಆ ಎದೆಯಲ್ಲಿ ಉದ್ದನೆಯ ಉಸಿರಿಗೆ ಜಾಗವೇ ಇರುವುದಿಲ್ಲ. ತಾಡಾಸನದಲ್ಲಿ ಕೈ ಮೇಲಕ್ಕೆತ್ತಿ ನಿಲ್ಲುವುದು, ಮಾರ್ಜಾಲಾಸನದಲ್ಲಿ ಬೆನ್ನು ಬಾಗಿಸಿ ಏರಿಸುವುದು, ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನ, ಮಂಡಿಯೂರಿ ಕೂತು ಮುಂದಕ್ಕೆ ಬಾಗುವ ಶಶಾಂಕಾಸನ, ಕೊನೆಗೆ ಅಂಗಾತ ಮಲಗಿ ಮೈ ಸಡಿಲ ಬಿಡುವ ಶವಾಸನ ಇಷ್ಟೇ ಸಾಕು, ಮೈಗೆ ಬಿಗಿ ಯಾವುದು, ಸಡಿಲ ಯಾವುದು ಎಂಬುದು ಮತ್ತೆ ಗೊತ್ತಾಗಲು. ಫೋಟೊಗೆ ಚಂದ ಕಾಣುವ ಕಠಿಣ ಆಸನಗಳಿಗೂ ಮನಸ್ಸಿನ ನೆಮ್ಮದಿಗೂ ದೊಡ್ಡ ಸಂಬಂಧವಿಲ್ಲ. ಸ್ಥಿರವೂ ಸುಖವೂ ಆಗಿರುವುದೇ ಆಸನ ಎಂದು ಸೂತ್ರವೇ ಹೇಳುತ್ತದೆ.

ಇದೆಲ್ಲ ನಂಬಿಕೆಯ ಮಾತೋ, ಪರೀಕ್ಷೆ ಮಾಡಿದ್ದೋ? ಪರೀಕ್ಷೆ ಆಗಿದೆ, ಅದೂ ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ನಡೆದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ದಾಖಲಾದ 45 ಮಂದಿಯನ್ನು 15ರಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಿದ್ಯುತ್ ಕಂಪನ ಚಿಕಿತ್ಸೆ (ತಲೆಗೆ ಹದವಾಗಿ ಕರೆಂಟ್ ಕೊಡುವುದು), ಇನ್ನೊಂದಕ್ಕೆ ಇಮಿಪ್ರಮಿನ್ ಎಂಬ ಮಾತ್ರೆ, ಮೂರನೆಯದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಿನ ಅಭ್ಯಾಸ. ನಾಲ್ಕು ವಾರದ ಕೊನೆಗೆ ಖಿನ್ನತೆಯಿಂದ ಹೊರಬಂದವರು ಮೊದಲ ಗುಂಪಿನಲ್ಲಿ ಶೇ 93, ಮಾತ್ರೆಯ ಗುಂಪಿನಲ್ಲಿ ಶೇ 73, ಉಸಿರಿನ ಗುಂಪಿನಲ್ಲಿ ಶೇ 67. ಈ ಅಂಕಿಗಳನ್ನು ಅರ್ಧ ಮಾತ್ರ ಹೇಳುವವರು ಬಹಳ. "ಯೋಗ ಮಾತ್ರೆಗೆ ಸಮ" ಎಂದು ಭಾಷಣ ಮಾಡಿ ನಿಲ್ಲಿಸುತ್ತಾರೆ. ಪೂರ್ತಿ ಹೇಳಬೇಕೆಂದರೆ, ಉಸಿರಿನ ಅಭ್ಯಾಸ ಮಾತ್ರೆಯ ಹತ್ತಿರ ಹತ್ತಿರ ಬಂತು, ವಿದ್ಯುತ್ ಕಂಪನ ಚಿಕಿತ್ಸೆ ಎರಡಕ್ಕಿಂತಲೂ ಮುಂದಿತ್ತು, ಗುಂಪುಗಳು ಚಿಕ್ಕವು, ಮತ್ತು ಎಲ್ಲರೂ ಆಸ್ಪತ್ರೆಯ ಒಳಗೆ, ವೈದ್ಯರ ಕಣ್ಣೆದುರಿಗೆ ಇದ್ದವರು. ಮನೆಯಲ್ಲಿ ಒಬ್ಬರೇ ಕೂತು ಮಾಡಿದವರಲ್ಲ.

ನಿಮ್ಹಾನ್ಸ್‌ನವರೇ 2007ರಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವಂಥ ಕಾಯಿಲೆ, ಇರುವ 61 ಮಂದಿಯ ಅಧ್ಯಯನ ಪ್ರಕಟಿಸಿದರು. ಮಾತ್ರೆ ಎಲ್ಲರಿಗೂ ಮುಂದುವರಿಯಿತು. ಅದರ ಮೇಲೆ ಕೆಲವರಿಗೆ ಯೋಗ, ಕೆಲವರಿಗೆ ದೈಹಿಕ ವ್ಯಾಯಾಮ. ನಾಲ್ಕು ತಿಂಗಳ ಬಳಿಕ ಯೋಗದ ಗುಂಪಿನವರಲ್ಲಿ ರೋಗಲಕ್ಷಣ ಹೆಚ್ಚು ತಗ್ಗಿತ್ತು, ಜನರೊಂದಿಗೆ ಬೆರೆಯುವುದೂ ಸುಧಾರಿಸಿತ್ತು. 2010ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆರೋಗ್ಯವಂತರ ಎರಡು ಗುಂಪು ಮಾಡಿ, ಒಂದಕ್ಕೆ ಯೋಗ, ಇನ್ನೊಂದಕ್ಕೆ ನಡಿಗೆ, ವಾರಕ್ಕೆ ಮೂರು ಗಂಟೆಯಂತೆ 12 ವಾರ ಮಾಡಿಸಿದರು. ಯೋಗ ಮಾಡಿದವರಲ್ಲಿ ಆತಂಕ ಹೆಚ್ಚು ಇಳಿದಿತ್ತು, ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಏರಿಕೆಯೂ ಅದರೊಂದಿಗೆ ಹೊಂದಿಕೊಂಡಿತ್ತು. ಇವೂ ಚಿಕ್ಕ ಅಧ್ಯಯನಗಳೇ. ಆದರೆ ಎಲ್ಲವೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ: ಯೋಗದಿಂದ ಮನಸ್ಸಿಗೆ ಒಳಿತಿದೆ, ಚಿಕಿತ್ಸೆಯಲ್ಲಿರುವವರಿಗೆ ಅದರ ಜೊತೆಗೆ. ನಡಿಗೆಯಿಂದ ಲಾಭವಿಲ್ಲ ಎಂದು ತಿಳಿಯಬೇಡಿ. ಅಪ್ಪನ ಕೆರೆಯ ದಂಡೆಯಲ್ಲಿ ದಿನಾ ನಡೆಯುವವರು ನಡೆಯುತ್ತಲೇ ಇರಿ, ಅದೂ ಮನಸ್ಸಿಗೆ ಒಳ್ಳೆಯ ಔಷಧ.

ಈಗ ಈ ಊರಿನಲ್ಲಿ ನಿಂತು ಹೇಳಲೇಬೇಕಾದ ಮಾತು. ಯೋಗ ಎಂದ ಕೂಡಲೇ "ಅದು ನಮ್ಮದಲ್ಲ" ಎಂದು ಹಿಂದೆ ಸರಿಯುವವರಿದ್ದಾರೆ. "ಅದು ನಮ್ಮದು ಮಾತ್ರ" ಎಂದು ಬೇಲಿ ಹಾಕುವವರೂ ಇದ್ದಾರೆ. ಇಬ್ಬರೂ ಕಲಬುರಗಿ, ಬೀದರ್ ಸೀಮೆಯನ್ನು ಸರಿಯಾಗಿ ನೋಡಿಲ್ಲ. ಇಲ್ಲಿಂದ ಹತ್ತಿರದ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಶರಣರು ಕೂಡಿದರು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ರೆಪ್ಪೆ ಮಿಟುಕಿಸದೆ ದೃಷ್ಟಿ ನೆಡುವ ಅಭ್ಯಾಸ ಇವತ್ತಿಗೂ ನಮ್ಮ ಮನೆಗಳಲ್ಲಿ ಉಳಿದಿದೆ. ಅದಕ್ಕೆ ಗುಡಿ ಬೇಡ, ಪೂಜಾರಿ ಬೇಡ. ನೇಕಾರ, ಅಂಬಿಗ, ಸಮಗಾರ ಯಾರಾದರೂ ಕೂಡಬಹುದಿತ್ತು, ಹೆಣ್ಣುಮಕ್ಕಳೂ ಕೂಡಬಹುದಿತ್ತು.

ಈ ಊರಿನೊಳಗೇ ಸೂಫಿ ಸಂತ ಖ್ವಾಜಾ ಬಂದಾ ನವಾಜರ ದರ್ಗಾ ಇದೆ. ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿ, 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರು ಸೂಫಿಗಳಲ್ಲಿ ಚಿಶ್ತಿ ಎಂಬ ಪರಂಪರೆಯವರು. ಆ ಪರಂಪರೆಯಲ್ಲಿ ಪಾಸ್-ಎ-ಅನ್ಫಾಸ್ ಎಂಬ ಸಾಧನೆಯಿದೆ. ಒಳಗೆ ಹೋಗುವ, ಹೊರಗೆ ಬರುವ ಪ್ರತಿ ಉಸಿರಿಗೂ ಕಾವಲಿರುವುದು, ಅದರೊಂದಿಗೆ ದೇವರ ಸ್ಮರಣೆ. ಬಂದಾ ನವಾಜರ ಗುರುಗಳಾದ ದೆಹಲಿಯ ನಸೀರುದ್ದೀನ್ ಚಿರಾಗ್ ಉಸಿರಿನ ನಿಯಂತ್ರಣದ ಬಗ್ಗೆ ಮಾತಾಡುವಾಗ ಸಿದ್ಧ ಯೋಗಿಗಳನ್ನು ನೆನೆದದ್ದು ದಾಖಲಾಗಿದೆ. ಇನ್ನು ವಿಶ್ವವಿದ್ಯಾಲಯದ ಕಡೆ ಹೋದರೆ ಬುದ್ಧ ವಿಹಾರ. ಅಲ್ಲಿ ಬೌದ್ಧರ ಆನಾಪಾನ ಎಂದರೆ ಮೂಗಿನ ತುದಿಯಲ್ಲಿ ಬರುವ ಹೋಗುವ ಉಸಿರನ್ನು ಸುಮ್ಮನೆ ಗಮನಿಸುವುದು. ಒಂದೇ ಸೀಮೆಯಲ್ಲಿ ಮೂರು ದಾರಿ. ಮೂರಕ್ಕೂ ಗುರಿ ಆಧ್ಯಾತ್ಮ, ಚಿಕಿತ್ಸೆಯಲ್ಲ. ಅವುಗಳನ್ನು ಒಂದೇ ಎಂದು ಕಲಸಿಬಿಡುವುದು ಮೂರಕ್ಕೂ ಅಗೌರವ. ಆದರೆ ಮೂರೂ ಉಸಿರಿನ ಹತ್ತಿರ, ನೋಟದ ಹತ್ತಿರ ಬಂದು ಕೂತವು ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಓಂಕಾರ ಹೇಳಲು ಮನಸ್ಸಿಲ್ಲದವರು ಹೇಳಬೇಡಿ. ಬಾಯಿ ಮುಚ್ಚಿ ಮೂಗಿನಲ್ಲಿ ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ ಮಾಡಿ, ಹೊರಬಿಡುವ ಉಸಿರು ತಾನೇ ಉದ್ದವಾಗುತ್ತದೆ. ಅಲ್ಲಾಹನ ಹೆಸರಿನಲ್ಲಿ ಎಣಿಸಿದರೂ ನರಕ್ಕೆ ತಲುಪುವುದು ಅದೇ ಉಸಿರು.

ವಿಶ್ವಸಂಸ್ಥೆ 2014ರ ಡಿಸೆಂಬರ್‌ನಲ್ಲಿ ನಿರ್ಣಯ ಮಾಡಿ, 2015ರಿಂದ ಜೂನ್ 21 ಯೋಗ ದಿನವಾಗಿದೆ. ಮೈದಾನದಲ್ಲಿ ಸಾವಿರಾರು ಜನ ಸೇರುತ್ತಾರೆ, ಸಂತೋಷವೇ. ಆದರೆ ನಮ್ಮ ಕಡೆ ಜೂನ್ 21 ಎಂದರೆ ಮುಂಗಾರು ಬಿತ್ತನೆಯ ಹೊತ್ತು. ಯೋಗ ಯಾರಿಗೆ ಹೆಚ್ಚು ಬೇಕೋ ಆ ರೈತ ಅಂದು ಹೊಲದಲ್ಲಿರುತ್ತಾನೆ.

ಆ ರೈತನ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮದು ತೊಗರಿಯ ಕಣಜ. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ತೊಗರಿ ಬಿತ್ತಿದವನ ಆರು ತಿಂಗಳು ಹೇಗಿರುತ್ತವೆ? ಮಳೆ ಹಿಂದಾದರೆ ಬಿತ್ತನೆ ಹಿಂದಾಯಿತು. ಮಳೆ ಹೆಚ್ಚಾಗಿ ನೀರು ಹೊಲದಲ್ಲಿ ನಿಂತರೆ ಬೇರು ಕೊಳೆಯಿತು. ಹೂ ಬಿಡುವ ಹೊತ್ತಿಗೆ ನೆಟೆ ರೋಗ ಬಂದರೆ ಹಸಿರಾಗಿದ್ದ ಗಿಡ ನಿಂತಲ್ಲೇ ಒಣಗುತ್ತದೆ. ಕಾಯಿ ಕಟ್ಟಿದ ಮೇಲೆ ಹುಳ. ಮಾರುಕಟ್ಟೆಗೆ ಒಯ್ದ ದಿನ ದರ ಇಲ್ಲ. ಇಂಥವನ ಮುಂದೆ ನಿಂತು "ಯೋಗ ಮಾಡಪ್ಪ, ಎಲ್ಲಾ ಸರಿ ಹೋಗ್ತದ" ಎಂದರೆ ಅದು ಅವನ ಕಷ್ಟಕ್ಕೆ ಮಾಡಿದ ಅವಮಾನ. ಉಸಿರು ಸಾಲ ತೀರಿಸುವುದಿಲ್ಲ. ಬೆಳೆ ವಿಮೆ, ಬೆಂಬಲ ಬೆಲೆ, ಹೊತ್ತಿಗೆ ಸಿಗುವ ಸಾಲ ಇವುಗಳ ಜಾಗದಲ್ಲಿ ಪ್ರಾಣಾಯಾಮ ಕೂಡಿಸಬಾರದು. ಆದರೆ ಆ ಮನುಷ್ಯನಿಗೆ ರಾತ್ರಿ ನಾಲ್ಕು ತಾಸು ಹೆಚ್ಚು ನಿದ್ದೆ ಬಂದರೆ, ಬೆಳಿಗ್ಗೆ ಬ್ಯಾಂಕಿನವರ ಮುಂದೆ ಕುಳಿತು ಮಾತಾಡುವ ಶಕ್ತಿ ಉಳಿಯುತ್ತದೆ. ಕೆಟ್ಟ ಸುದ್ದಿ ಕೇಳಿದ್ದಕ್ಕೂ ಮುಂದಿನ ಹೆಜ್ಜೆ ಇಡುವುದಕ್ಕೂ ನಡುವೆ ಒಂದು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಜೀವ ಉಳಿದ ಮನೆಗಳಿವೆ.

ಇನ್ನೂ ಒಂದು ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಮನೆಯಲ್ಲಿ ಯಾರಾದರೂ "ಇನ್ನ ಬದುಕಿ ಏನ ಮಾಡೋದು" ಎನ್ನತೊಡಗಿದರೆ, ಎಲ್ಲರಿಂದ ದೂರವಾಗಿ ಮೂಲೆ ಹಿಡಿದರೆ, ಬೈಯಬೇಡಿ, ನಗಬೇಡಿ. "ಸಾಯಬೇಕು ಅಂತ ವಿಚಾರ ಬರ್ತದೇನು?" ಎಂದು ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳುವುದರಿಂದ ಆ ವಿಚಾರ ತಲೆಗೆ ಹೊಕ್ಕುವುದಿಲ್ಲ. ಹೇಳಿಕೊಳ್ಳಲು ಒಂದು ಜಾಗ ಸಿಗುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ತಂದ ಕ್ರಿಮಿನಾಶಕವನ್ನು ಮನೆಯಿಂದ ಹೊರಗೆ, ಬೀಗ ಹಾಕಿ ಇಡಿ. ಅದೇ ದಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. 14416 ನಂಬರಿಗೆ ಫೋನ್ ಮಾಡಿ, ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಬೇಡ. ಆ ಹೊತ್ತಿನಲ್ಲಿ ಯೋಗದ ಮಾತು ಬೇಡ. ಆಮೇಲೆ ಬರಲಿ.

ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿತು. ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ ಅವರಲ್ಲಿ ಶೇ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಚಿಕಿತ್ಸೆ ಹಳ್ಳಿಯ ತನಕ ಹೋಗಬೇಕು ಎಂಬ ಪ್ರಯೋಗ ಇಡೀ ಜಿಲ್ಲೆಯ ಮಟ್ಟದಲ್ಲಿ ನಡೆದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮಾಡಿ ತೋರಿಸಿದ್ದನ್ನು ನೋಡಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಕಲ್ಯಾಣ ಕರ್ನಾಟಕದಿಂದ ದೇಶ ಕಲಿತ ಪಾಠ ಅದು. ಆದರೂ ನಮ್ಮಲ್ಲಿ ಇನ್ನೂ ಎಷ್ಟೋ ಮಂದಿ ಮೊದಲು ತಾಯತ ಕಟ್ಟಿಸಿ, ಗಾಳಿ ಬಿಡಿಸಿ, ವರ್ಷ ಕಳೆದ ಮೇಲೆ ಜಿಲ್ಲಾಸ್ಪತ್ರೆಗೆ ಬರುತ್ತಾರೆ. ದೇವರಿಗೆ, ದರ್ಗಾಕ್ಕೆ ಹೋಗಬೇಡಿ ಎನ್ನುತ್ತಿಲ್ಲ. ಹೋಗಿ ಬನ್ನಿ, ಬರುವಾಗ ಡಾಕ್ಟರನ್ನೂ ನೋಡಿಕೊಂಡು ಬನ್ನಿ.

ಅಭ್ಯಾಸದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಸೂರ್ಯ ಹುಟ್ಟುವ ಮುಂಚೆ ಮಾಡಿ, ಇಲ್ಲವೇ ಸಂಜೆ ಮಾಳಿಗೆ ತಣ್ಣಗಾದ ಮೇಲೆ. ಹೊಸ ಮ್ಯಾಟ್ ಕೊಳ್ಳುವುದು ಬೇಡ, ಮನೆಯ ಜಮಖಾನೆ ಸಾಕು. ಮೊಣಕಾಲು ನೋವಿನವರು ಕುರ್ಚಿಯ ಮೇಲೆ ಕೂತು ಮಾಡಿ. ದಿನಕ್ಕೆ ಇಪ್ಪತ್ತು ನಿಮಿಷ: ಹತ್ತು ನಿಮಿಷ ಮೈ ಸಡಿಲ ಮಾಡುವ ಆಸನ, ಐದು ನಿಮಿಷ ಉದ್ದನೆಯ ಉಸಿರು, ಐದು ನಿಮಿಷ ಶವಾಸನ. ಒಂದು ವಾರದಲ್ಲಿ ಫಲ ಹುಡುಕಬೇಡಿ. ಸಾಧ್ಯವಿದ್ದರೆ ನಾಲ್ಕು ಜನ ಕೂಡಿ ಮಾಡಿ. ಮನಸ್ಸು ಕುಗ್ಗಿದವರಿಗೆ ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸ. ಪಕ್ಕದ ಮನೆಯ ಅಕ್ಕ ಬಾಗಿಲು ಬಡಿದು "ಬಾರವ್ವ, ಹೋಗೂಣು" ಎಂದರೆ ಏಳುತ್ತಾರೆ. ಆ ಕರೆಯೇ ಅರ್ಧ ಚಿಕಿತ್ಸೆ ಎಂದು ನಾನು ನಂಬಿದ್ದೇನೆ.

ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆ ರೋಗ ಇರುವವರು ಮತ್ತು ಗರ್ಭಿಣಿಯರು ಕಪಾಲಭಾತಿ, ಭಸ್ತ್ರಿಕಾದಂತಹ ಜೋರು ಉಸಿರಿನ ಕ್ರಿಯೆ ಮಾಡಬಾರದು. ಕಣ್ಣಿನ ಒತ್ತಡದ ಕಾಯಿಲೆ ಇದ್ದವರು ತಲೆಕೆಳಗಾಗುವ ಆಸನ ಮಾಡಬಾರದು. ಉನ್ಮಾದ ಏರಿದ ಹೊತ್ತಿನಲ್ಲಿ, ಇಲ್ಲದ ದನಿ ಕೇಳಿಸುತ್ತಿರುವ ಹೊತ್ತಿನಲ್ಲಿ, ಜೋರು ಪ್ರಾಣಾಯಾಮವಾಗಲಿ ತಾಸುಗಟ್ಟಲೆ ಧ್ಯಾನವಾಗಲಿ ಕಾಯಿಲೆಯನ್ನು ಹೆಚ್ಚಿಸಬಹುದು.

ಪ್ರಶ್ನೋತ್ತರ

ಒಬ್ಬ ತಾಯಿ: "ನಮ್ಮ ಮನ್ಯಾಗ ಹತ್ತು ಮಂದಿ ಅದೀವ್ರಿ. ಮುಂಜಾನಿ ಎದ್ದ ಕೂಡ್ಲೇ ರೊಟ್ಟಿ ಬಡಿಯೋದು. ಕುಂತು ಉಸಿರಾಡ್ಲಾಕ ಯಾರು ಬಿಡ್ತಾರ?"

ಅವ್ವಾರ, ನಿಮ್ಮ ಪ್ರಶ್ನೆ ಈ ಸಭೆಯ ಗಂಡಸರೆಲ್ಲ ಕೇಳಬೇಕಾದ್ದು. ಹೆಣ್ಣುಮಕ್ಕಳಿಗೆ ಯೋಗ ಕಲಿಸುವ ಮೊದಲು ಅವರಿಗೆ ಇಪ್ಪತ್ತು ನಿಮಿಷ ಬಿಡಿಸಿಕೊಡುವುದು ಮನೆಯವರ ಕೆಲಸ. ಆ ಹೊತ್ತಿನಲ್ಲಿ ಗಂಡನಾಗಲಿ ಮಗನಾಗಲಿ ಒಲೆಯ ಮುಂದೆ ನಿಲ್ಲಲಿ. ಅದು ಆಗುವ ತನಕ ರಾತ್ರಿ ಮಲಗಿದ ಮೇಲೆ ಮಾಡಿ. ಒಂದು ಕೈ ಹೊಟ್ಟೆಯ ಮೇಲಿಡಿ, ಉಸಿರು ಎಳೆದಾಗ ಹೊಟ್ಟೆ ಏರಲಿ, ಬಿಟ್ಟಾಗ ಇಳಿಯಲಿ, ನಿದ್ದೆ ಬರುವ ತನಕ. ಆದರೆ ಒಂದು ಮಾತು. ಹೆರಿಗೆಯಾದ ಮೇಲೆ ಸೊಸೆ ವಾರಗಟ್ಟಲೆ ಅಳುತ್ತಿದ್ದರೆ, ಕೂಸಿನ ಕಡೆ ನೋಡದಿದ್ದರೆ, "ಬಾಣಂತಿ ಸೊಕ್ಕು" ಎನ್ನಬೇಡಿ. ಅದು ಕಾಯಿಲೆ, ಔಷಧ ಇದೆ.

ಒಬ್ಬ ಯುವಕ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು: "ಸರ್, ಕಣ್ಣು ಮುಚ್ಚಿ ಕುಂತರ ವಿಚಾರ ಇನ್ನೂ ಜಾಸ್ತಿ ಬರ್ತಾವ. ಎದಿ ಬಡಕೋತದ. ನನಗ ಧ್ಯಾನ ಆಗಂಗಿಲ್ಲ ಅನಸ್ತದ."

ನಿಮ್ಮ ತಪ್ಪೇನೂ ಇಲ್ಲ ತಮ್ಮಾ. ಆತಂಕ ಹೆಚ್ಚಿರುವವರಿಗೆ ಕಣ್ಣು ಮುಚ್ಚಿದರೆ ಗಮನವೆಲ್ಲ ಎದೆಬಡಿತದ ಮೇಲೆಯೇ ಹೋಗುತ್ತದೆ. ಕಣ್ಣು ತೆರೆದೇ ಇರಿ. ಸದ್ಯಕ್ಕೆ ಧ್ಯಾನ ಬಿಡಿ. ನಿಂತು ಮಾಡುವ ಆಸನ, ನಿಧಾನವಾದ ಸೂರ್ಯ ನಮಸ್ಕಾರ ಮಾಡಿ, ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸಿ. ಪುಸ್ತಕ ತೆರೆಯುವ ಮೊದಲು ಐದು ನಿಮಿಷ ಉದ್ದನೆಯ ಉಸಿರು ಮಾಡಿ. ರಾತ್ರಿ ಮೊಬೈಲನ್ನು ರೂಮಿನ ಇನ್ನೊಂದು ಮೂಲೆಯಲ್ಲಿಟ್ಟು ಮಲಗಿ. ಮತ್ತು ರೂಮಿನಲ್ಲಿ ಒಬ್ಬರೇ ಓದುವವರು ವಾರಕ್ಕೊಮ್ಮೆಯಾದರೂ ಊರಿಗೆ ಫೋನ್ ಮಾಡಿ ಅಂಕದ ಮಾತು ಬಿಟ್ಟು ಬೇರೆ ಮಾತಾಡಿ. ಎದೆ ಬಡಿತ, ಉಸಿರು ಕಟ್ಟುವುದು ಮತ್ತೆ ಮತ್ತೆ ಆಗುತ್ತಿದ್ದರೆ ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನ ಮನೋವೈದ್ಯಕೀಯ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ.

ಒಬ್ಬ ಹಿರಿಯರು: "ನನ್ನ ಮಗ ಮೂರು ವರ್ಷದಿಂದ ಗುಳಿಗಿ ತಗೋಳ್ಲತಾನ. ಗುಳಿಗಿ ಬಿಡಿಸಿ ಯೋಗಕ್ಕ ಹಚ್ಚಿದರ ಹ್ಯಾಂಗ್ರಿ? ಒಬ್ಬರು ಗುರುಗಳು ಬಿಡಸ್ತೀನಿ ಅಂದಾರ."

ಕಾಕಾ, ಬಿಡಿಸಬೇಡಿ. ನಿಮ್ಮ ಮಗ ಈಗ ಚೆನ್ನಾಗಿದ್ದಾನೆ ಎಂದರೆ ಗುಳಿಗೆ ಕೆಲಸ ಮಾಡುತ್ತಿದೆ ಎಂದರ್ಥ. ಈ ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಕೆಡುವುದು, ತಲೆ ತಿರುಗುವುದು, ಕಳವಳ ಶುರುವಾಗಬಹುದು. ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಬಹುದು. ಖಿನ್ನತೆಯ ಮಾತ್ರೆ ಚಟ ಹಿಡಿಸುತ್ತದೆ ಎಂಬ ಮಾತು ಸುಳ್ಳು. ಅದು ಕೆಲಸ ಶುರು ಮಾಡಲು ಕೆಲವು ವಾರ ಬೇಕು, ನಿಲ್ಲಿಸುವುದಕ್ಕೂ ಡಾಕ್ಟರು ಹಂತ ಹಂತವಾಗಿ ಇಳಿಸುವ ಕ್ರಮವಿದೆ. ಮಗನನ್ನು ಯೋಗಕ್ಕೆ ಖಂಡಿತ ಹಚ್ಚಿ, ಗುಳಿಗೆಯ ಜೊತೆಗೆ. ಮುಂದಿನ ಸಲ ದವಾಖಾನೆಗೆ ಹೋದಾಗ "ಯೋಗ ಮಾಡ್ಲತಾನ" ಎಂದು ಡಾಕ್ಟರಿಗೆ ಹೇಳಿ. ಯಾವ ಕ್ರಿಯೆ ಬೇಡ ಎಂಬುದನ್ನು ಕೇಳಿಕೊಂಡು ಬನ್ನಿ. ಕಲಿಸುವವರ ಹತ್ತಿರ ಹೋದಾಗಲೂ ಮೊದಲ ದಿನವೇ ಕಾಯಿಲೆ ಇದು, ಗುಳಿಗೆ ಇದು ಎಂದು ಹೇಳಿಬಿಡಿ. ಕೇಳಿಸಿಕೊಂಡು, ಅದಕ್ಕೆ ತಕ್ಕ ಹಾಗೆ ಕಲಿಸಿದರೆ ಅವರ ಹತ್ತಿರ ಬಿಡಿ. ಗುಳಿಗೆ ಬಿಟ್ಟು ಬಾ ಎಂದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಕೈಮುಗಿದು ಮಗನನ್ನು ವಾಪಸು ಕರೆದುಕೊಂಡು ಬನ್ನಿ.